ಕಿರಿದಾದ ಕೋಣೆಗೆ ತಂತಿಯ ಪಿಯಾನೊ

ಪ್ರಶ್ನೆ: ನನ್ನ ಕೋಣೆ ಚಿಕ್ಕದು, ಎಲೆಕ್ಟ್ರಾನಿಕ್ ಪಿಯಾನೊ ನನಗೆ ಒಗ್ಗದು. ಕಡಿಮೆ ಜಾಗ ಹಿಡಿಯುವ ತಂತಿಯ ಪಿಯಾನೊ ಹೊಸದಾಗಿ ಬಂದಿದೆಯೇ?

ಉತ್ತರ: ಬಂದಿದೆ. ಪಿಯಾನೊ ತಯಾರಕ ಡೇವಿಡ್ ಕ್ಲಾವಿನ್ಸ್ 2014ರಲ್ಲಿ ರೂಪಿಸಿದ ‘ಉನಾ ಕೋರ್ಡಾ’ದಲ್ಲಿ ಸ್ವರಕ್ಕೊಂದೇ ತಂತಿ, ಸಾಮಾನ್ಯ ಪಿಯಾನೊದಲ್ಲಿ ಬಹುಪಾಲು ಸ್ವರಗಳಿಗೆ ಮೂರು. ತಂತಿಗಳ ಎಳೆತ ಇಳಿದು ಚೌಕಟ್ಟೂ ಹಗುರವಾಗಿದೆ, ತೂಕ 100 ಕಿಲೋಗಿಂತ ಕಡಿಮೆ. ದನಿ ಮೆದು; ಅಬ್ಬರ ಬಯಸುವವರಿಗೆ ಹಿಡಿಸದು. 88 ಕೀಲಿಗಳೂ ಬೇಕೆಂದರೆ ಅಗಲ ಮಾತ್ರ ಕುಗ್ಗದು, ಕೀಲಿಮಣೆಯೇ ಸುಮಾರು 122 ಸೆಂಟಿಮೀಟರ್.

ಹಳೆಯ ಗಿಡ್ಡ ‘ಸ್ಪಿನೆಟ್’ ಪಿಯಾನೊ ಅಗ್ಗಕ್ಕೆ ಸಿಕ್ಕರೂ ಬೇಡವೆನ್ನುತ್ತೇನೆ. ಅದರ ಸುತ್ತಿಗೆಯ ಯಂತ್ರ ಕೀಲಿಗಳಿಗಿಂತ ಕೆಳಗೆ ಅಡಗಿರುತ್ತದೆ. ಹೊರತೆಗೆಯಲು ಒಂದೊಂದು ಕೀಲಿಯ ಕೊಂಡಿಯನ್ನೂ ಕಳಚಬೇಕು. ಶ್ರುತಿ ಮಾಡುವ ನಮ್ಮಂಥವರ ಬೆನ್ನು ಮುರಿಯುವ ಕೆಲಸ! ತಂತಿ ಗಿಡ್ಡವಾದ್ದರಿಂದ ಮಂದ್ರವೂ ಮಂಕು. ಅದರ ಬದಲು ತಂತಿಗಳು ನೆಟ್ಟಗೆ ನಿಲ್ಲುವ ಎತ್ತರದ ‘ಅಪ್‌ರೈಟ್’ ಪಿಯಾನೊ ಕೊಳ್ಳಿ, ನೆಲ ಹೆಚ್ಚುಕಡಿಮೆ ಅಷ್ಟೇ ಹಿಡಿಯುತ್ತದೆ.