ಚಾರಿತ್ರಿಕ ಸಿನಿಮಾಗಳಲ್ಲಿ ನಮ್ಮ ಉತ್ತರ ಕನ್ನಡದ ಕರಾವಳಿ ಯಾಕೆ ನಂಬುವಂತೆ ಕಾಣುವುದಿಲ್ಲ?

ಮೊದಲು ಕಲ್ಲೇ ತಪ್ಪು. ಸೆಟ್ಟಿನ ಕೋಟೆ ಅಂದರೆ ಬೂದು ಬಣ್ಣ, ಮೈತುಂಬ ಕೆತ್ತನೆ. ಕುಮಟಾ ಹತ್ತಿರದ ಮಿರ್ಜಾನ್ ಕೋಟೆ ನೋಡಿ, ಅದು ಚಿರೆಕಲ್ಲು. ಕಡಿಯುವಾಗ ಮೆದು, ಕೆಂಪು. ಗಾಳಿಗೆ ಗಟ್ಟಿಯಾಗಿ, ಮಳೆಗೆ ಕಪ್ಪಾಗಿ ಪಾಚಿ ಹಿಡಿಯುತ್ತದೆ. ಮೈಯೆಲ್ಲ ತೂತು, ಹಾಗಾಗಿ ಸಣ್ಣ ಕೆತ್ತನೆ ನಿಲ್ಲುವುದಿಲ್ಲ. ಆ ಬೋಳು ಗೋಡೆಯೇ ಎಷ್ಟು ಚಂದ!

ಜಡಿಮಳೆಯಲ್ಲಿ ನೌಕಾಯುದ್ಧ ತೋರಿಸುತ್ತಾರೆ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಹಾಯಿಹಡಗುಗಳ ಓಡಾಟವೇ ನಿಲ್ಲುತ್ತಿತ್ತು.

ಸಂತೆಯಲ್ಲಿ ಕೆಂಪು ಮೆಣಸಿನಕಾಯಿ ರಾಶಿ ಕಂಡರೆ ಕತೆಯ ಕಾಲ ಯಾವುದೆಂದು ನೋಡಿ. ಅದು 16ನೇ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಬಂದದ್ದು. ಅದಕ್ಕೂ ಮೊದಲು ಖಾರಕ್ಕೆ ಕಾಳುಮೆಣಸು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಈ ಕಪ್ಪು ಕಾಳಿನಿಂದಲೇ.