ಕೂಡಿಸುವ ಸಾಲಿಗೆ 38% ಬಂದಿದ್ದು ಯಾಕೆ?

ಪ್ರೋಗ್ರಾಂನ ಸಮಯ ಎಲ್ಲಿ ಹೋಗುತ್ತೆ ಅಂತ ತೋರಿಸುವ ಲಿನಕ್ಸ್ ಟೂಲ್ ಪರ್ಫ್‌ನ ಆ್ಯನೋಟೇಟ್‌ನಲ್ಲಿ (ಸಾಲುವಾರು ಪಾಲು ತೋರಿಸುವ ನೋಟ) ಬರೀ ಕೂಡಿಸುವ ಇನ್‌ಸ್ಟ್ರಕ್ಷನ್‌ಗೆ 38%, ಅದರ ಮೇಲಿನ ಅರೇ ಓದುವ ಸಾಲಿಗೆ ಸೊನ್ನೆ, ಇನ್ನೊಂದು ಟೂಲ್ ಕಾಲ್‌ಗ್ರೈಂಡ್‌ನಲ್ಲಿ ಎರಡಕ್ಕೂ ಖರ್ಚು ಕಡಿಮೆ, ಹೀಗೇಕೆ ಅಂತ ಕೇಳಿದ್ದೀರಿ. ಆ ಕೂಡಿಸುವ ಸಾಲನ್ನು ಮುಟ್ಟಲು ಹೋಗಬೇಡಿ.

ಪರ್ಫ್ ಪ್ರತಿ ಇನ್‌ಸ್ಟ್ರಕ್ಷನ್‌ನ ಸಮಯ ಅಳೆಯೋದಿಲ್ಲ. ಪ್ರೊಸೆಸರ್‌ನ ಸೈಕಲ್‌ಗಳನ್ನು ಎಣಿಸುವ ಕೌಂಟರ್ ತುಂಬಿದಾಗ ಇಂಟರಪ್ಟ್ (ಕೆಲಸ ತಡೆಯುವ ಸಂಕೇತ) ಬರುತ್ತೆ, ಆಗ ಪ್ರೊಸೆಸರ್ ಎಲ್ಲಿತ್ತೋ ಅಲ್ಲಿ ಗುರುತು ಬೀಳುತ್ತೆ. ಅಷ್ಟರಲ್ಲಿ ಕೆಲಸ ಸ್ವಲ್ಪ ಮುಂದೆ ಹೋಗಿರುತ್ತೆ. ಇದನ್ನೇ ಸ್ಕಿಡ್ ಅನ್ನೋದು. ಕಳ್ಳ ಓಡಿದ ಮೇಲೆ ಪಕ್ಕದಲ್ಲಿ ನಿಂತವನನ್ನು ಹಿಡಿದ ಹಾಗೆ. ರೆಕಾರ್ಡ್ ಮಾಡುವಾಗ ಸೈಕಲ್ಸ್ ಈವೆಂಟ್‌ಗೆ ಕೋಲನ್ ಹಾಕಿ ಎರಡು 'ಪಿ' ಸೇರಿಸಿ (cycles:pp). ಇಂಟೆಲ್‌ನಲ್ಲಿ ಪೆಬ್ಸ್, ಎಎಂಡಿಯಲ್ಲಿ ಐಬಿಎಸ್ ಎಂಬ ಪ್ರೊಸೆಸರ್ ಸೌಲಭ್ಯ ಬಳಕೆಯಾಗಿ ಗುರುತು ನಿಖರವಾಗುತ್ತೆ. (ವರ್ಚುವಲ್ ಮಷೀನ್‌ನಲ್ಲಿ ಈ ಸೌಲಭ್ಯ ಸಿಗದೇ ಇರಬಹುದು.) ಆಮೇಲೂ ಕೂಡಿಸುವುದರ ಮೇಲೆಯೇ ಬಿದ್ದರೆ, ಅದು ಬಹುಶಃ ಮೆಮೊರಿಯಿಂದ ಬರಬೇಕಾದ ಮೌಲ್ಯಕ್ಕೆ ಕಾಯುತ್ತಿದೆ. ಅದು ಬಳಸುವ ರಿಜಿಸ್ಟರ್ (ಪ್ರೊಸೆಸರ್‌ನೊಳಗೆ ಮೌಲ್ಯ ಇಡುವ ಜಾಗ) ತುಂಬಿಸಿದ್ದು ಯಾವ ಸಾಲು ಅಂತ ಮೇಲಕ್ಕೆ ಹುಡುಕಿ. ನನ್ನ ಅಂದಾಜು ಅರೇ ಓದುವಲ್ಲಿನ ಕ್ಯಾಶ್ ಮಿಸ್, ಅಂದರೆ ಬೇಕಾದ ಡೇಟಾ ವೇಗದ ಕ್ಯಾಶ್ ಮೆಮೊರಿಯಲ್ಲಿ ಸಿಗದೇ ಇರೋದು.

ಕಾಲ್‌ಗ್ರೈಂಡ್ ಮೂಲತಃ ಎಣಿಸೋದು ಇನ್‌ಸ್ಟ್ರಕ್ಷನ್‌ಗಳನ್ನು, ಸಮಯವನ್ನಲ್ಲ. ಕ್ಯಾಶ್ ಸಿಮ್ಯುಲೇಶನ್ ಆನ್ ಮಾಡದಿದ್ದರೆ ಮಿಸ್‌ಗಳು ಅದರ ಕಣ್ಣಿಗೇ ಬೀಳಲ್ಲ. ಹಾಗಾಗಿ ಎರಡೂ ಟೂಲ್ ಸುಳ್ಳು ಹೇಳ್ತಿಲ್ಲ.

ಇನ್ನೊಂದು ವಿಷಯ: ಆ 38% ಸಾಮಾನ್ಯವಾಗಿ ಆ ಫಂಕ್ಷನ್‌ನೊಳಗಿನ ಪಾಲು, ಇಡೀ ಪ್ರೋಗ್ರಾಂನದಲ್ಲ. ಮೊದಲು ಪರ್ಫ್ ರಿಪೋರ್ಟ್‌ನಲ್ಲಿ ಫಂಕ್ಷನ್‌ನ ಒಟ್ಟು ಪಾಲು ನೋಡಿ. ಅದೇ 3% ಆಗಿದ್ದರೆ ಇಷ್ಟೆಲ್ಲ ತಲೆಕೆಡಿಸಿಕೊಳ್ಳೋದೇ ಬೇಡ.