ಪ್ರಶ್ನೋತ್ತರ: ಸುಸ್ಥಿರ ಅಭಿವೃದ್ಧಿಗೆ ಉಪಗ್ರಹಗಳಿಂದ ಸಿಗುವುದೇನು?

ಸುಸ್ಥಿರ ಅಭಿವೃದ್ಧಿಯಲ್ಲಿ ಉಪಗ್ರಹಗಳ ಪಾತ್ರ ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಆರನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಹಸಿವು, ನೀರಿನ ಕೊರತೆ, ಬಡತನ ಇವೆಲ್ಲ ನೆಲದ ಮೇಲಿನ ಸಮಸ್ಯೆಗಳು. ಅವುಗಳ ಹೆಸರಿನಲ್ಲಿ ಆಕಾಶಕ್ಕೆ ಹಣ ಸುರಿಯುವುದು ಎಷ್ಟು ಸರಿ?

ಉತ್ತರ: ಕೇಳಲೇಬೇಕಾದ ಪ್ರಶ್ನೆ ಇದು. ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು 2015ರ ಸೆಪ್ಟೆಂಬರಿನಲ್ಲಿ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನೂ ಅವುಗಳ ಅಡಿಯಲ್ಲಿ 169 ಉದ್ದೇಶಗಳನ್ನೂ ಒಪ್ಪಿಕೊಂಡು, 2030ರೊಳಗೆ ಅವನ್ನು ಸಾಧಿಸುವುದಾಗಿ ಮಾತು ಕೊಟ್ಟವು. ಕೊಟ್ಟ ಮಾತು ಎಷ್ಟು ನಡೆದಿದೆ ಎಂದು ತಿಳಿಯಬೇಕಾದರೆ ಅಳತೆ ಬೇಕು. ಜನಗಣತಿ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ನಡೆಯುತ್ತದೆ. ಯುದ್ಧ ನಡೆಯುತ್ತಿರುವ ಕಡೆ, ರಸ್ತೆಯೇ ಇಲ್ಲದ ದಟ್ಟ ಕಾಡಿನಲ್ಲಿ ಸಮೀಕ್ಷಕರು ಕಾಲಿಡುವುದೇ ಕಷ್ಟ. ಯುರೋಪಿನ ಸೆಂಟಿನೆಲ್-2 ಜೋಡಿ ಉಪಗ್ರಹಗಳಾದರೋ ಭೂಭಾಗದ ಬಹುಪಾಲನ್ನು ಐದು ದಿನಕ್ಕೊಮ್ಮೆ, 10 ಮೀಟರಿನಷ್ಟು ಸೂಕ್ಷ್ಮವಾಗಿ ಚಿತ್ರಿಸುತ್ತವೆ. ಕೆರೆ, ನದಿ, ಜೌಗು ಪ್ರದೇಶಗಳ ವಿಸ್ತಾರ ಎಷ್ಟು ಬದಲಾಗಿದೆ, ಜನಸಂಖ್ಯೆಗಿಂತ ವೇಗವಾಗಿ ನಗರಗಳು ನೆಲವನ್ನು ನುಂಗುತ್ತಿವೆಯೇ, ಫಲವತ್ತಾದ ಭೂಮಿ ಎಲ್ಲೆಲ್ಲಿ ಸತ್ವ ಕಳೆದುಕೊಳ್ಳುತ್ತಿದೆ ಎಂಬ ಸೂಚಕಗಳನ್ನು ಜಗತ್ತಿನಾದ್ಯಂತ ಒಂದೇ ಅಳತೆಗೋಲಿನಲ್ಲಿ ನೋಡಲು ಇಂದು ಬೇರೆ ದಾರಿಯಿಲ್ಲ. ಆದರೆ ತರಗತಿಯೊಳಗೆ ಮಗು ಕಲಿಯುತ್ತಿದೆಯೇ, ಮನೆಯೊಳಗೆ ಹೆಂಗಸು ಸುರಕ್ಷಿತಳೇ ಎಂಬುದು ಯಾವ ಕಕ್ಷೆಯಿಂದಲೂ ಕಾಣುವುದಿಲ್ಲ. ಹದಿನೇಳು ಗುರಿಗಳಿಗೂ ಉಪಗ್ರಹವೇ ಮದ್ದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ: ನೂರಾರು ಕಿಲೋಮೀಟರ್ ಎತ್ತರದಿಂದ ಬೆಳೆ ಬಾಡುತ್ತಿರುವುದು ತಿಳಿಯುತ್ತದೆ ಎಂದರೆ ನಂಬಬಹುದು; ಆದರೆ ನೆಲದೊಳಗಿನ ಅಂತರ್ಜಲ ಕುಸಿದದ್ದು ಹೇಗೆ ತಿಳಿಯುತ್ತದೆ?

ಉತ್ತರ: ಮೊದಲು ಬೆಳೆಯ ವಿಚಾರವನ್ನೇ ನೋಡೋಣ. ಆರೋಗ್ಯವಂತ ಎಲೆಯಲ್ಲಿರುವ ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಎಲೆಯ ಒಳರಚನೆ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೇರಳವಾಗಿ ಹಿಂದಕ್ಕೆ ಚಿಮ್ಮಿಸುತ್ತದೆ. ಗಿಡ ಸೊರಗಿದಾಗ ಈ ಎರಡರ ಅಂತರ ಕಡಿಮೆಯಾಗುತ್ತದೆ. ಆ ಅಂತರದಿಂದ ಲೆಕ್ಕ ಹಾಕಿದ ಸಸ್ಯ ಸೂಚ್ಯಂಕವನ್ನು ಹಿಂದಿನ ಹತ್ತಿಪ್ಪತ್ತು ವರ್ಷಗಳ ಇದೇ ವಾರದ ಸೂಚ್ಯಂಕದೊಂದಿಗೆ ಹೋಲಿಸಿದಾಗ ಈ ವರ್ಷದ ಕೊರತೆ ಎಷ್ಟೆಂಬುದು ತಿಳಿಯುತ್ತದೆ. ಇಥಿಯೋಪಿಯಾದ ಭೀಕರ ಕ್ಷಾಮದ ಬಳಿಕ, 1985ರಲ್ಲಿ ಅಮೆರಿಕ ಸ್ಥಾಪಿಸಿದ ಕ್ಷಾಮ ಮುನ್ನೆಚ್ಚರಿಕೆ ಜಾಲವು ಇಂತಹ ಹೋಲಿಕೆಗಳನ್ನು ಮಳೆಯ ಅಂದಾಜು ಮತ್ತು ಧಾನ್ಯದ ಮಾರುಕಟ್ಟೆ ಬೆಲೆಗಳ ಜೊತೆಗಿಟ್ಟು ನೋಡುತ್ತ ಬಂದಿದೆ. ಮೋಡ ಮುಸುಕಿದಾಗ ಈ ವಿಧಾನ ಸೋಲುತ್ತದೆ. ಪ್ರವಾಹದ ದಿನಗಳಲ್ಲಿ ಮೋಡ ಇದ್ದೇ ಇರುತ್ತದೆ. ಆಗ ನೆರವಿಗೆ ಬರುವುದು ರೇಡಾರ್ ಉಪಗ್ರಹಗಳು. ಅವು ತಾವೇ ಕಳುಹಿಸಿದ ಮೈಕ್ರೋವೇವ್ ತರಂಗಗಳ ಪ್ರತಿಫಲನವನ್ನು ಗ್ರಹಿಸುವುದರಿಂದ ಮೋಡವಾಗಲಿ ಕತ್ತಲಾಗಲಿ ಅಡ್ಡಿಯಾಗುವುದಿಲ್ಲ. ನಿಂತ ನೀರಿನ ನಯವಾದ ಮೇಲ್ಮೈ ತರಂಗಗಳನ್ನು ಬೇರೆ ದಿಕ್ಕಿಗೆ ಜಾರಿಸಿಬಿಡುವ ಕಾರಣ ಮುಳುಗಿದ ಪ್ರದೇಶ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಉಡಾವಣೆಯಾದ ನಾಸಾ ಮತ್ತು ಇಸ್ರೋ ಸಂಸ್ಥೆಗಳ ಜಂಟಿ ಉಪಗ್ರಹ ನಿಸಾರ್ ಕೂಡ ಇದೇ ಬಗೆಯದು. ಪ್ರತಿ 12 ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಮರಳುವ ಅದು ನೆಲದ ಸೆಂಟಿಮೀಟರುಗಳಷ್ಟು ಏರಿಳಿತವನ್ನೂ ಗುರುತಿಸಬಲ್ಲದು.

ಅಂತರ್ಜಲವನ್ನು ಯಾವ ಉಪಗ್ರಹವೂ ನೇರವಾಗಿ ನೋಡುವುದಿಲ್ಲ. ಅದರ ತೂಕವನ್ನು ಅಳೆಯಲಾಗುತ್ತದೆ. 2002ರಿಂದ 2017ರವರೆಗೆ ಕೆಲಸ ಮಾಡಿದ ಗ್ರೇಸ್ ಎಂಬ ಯೋಜನೆಯಲ್ಲಿ ಎರಡು ಉಪಗ್ರಹಗಳು ಸುಮಾರು 220 ಕಿಲೋಮೀಟರ್ ಅಂತರದಲ್ಲಿ ಒಂದರ ಹಿಂದೆ ಒಂದು ಸಾಗುತ್ತಿದ್ದವು. ಹೆಚ್ಚು ದ್ರವ್ಯರಾಶಿಯಿರುವ ಪ್ರದೇಶವನ್ನು ಸಮೀಪಿಸುವಾಗ ಮುಂದಿನದು ಮೊದಲು ಸೆಳೆಯಲ್ಪಟ್ಟು ಅಂತರ ಅತ್ಯಲ್ಪ ಹಿಗ್ಗುತ್ತದೆ, ಅನಂತರ ಕುಗ್ಗುತ್ತದೆ. ಕೂದಲಿನ ದಪ್ಪಕ್ಕಿಂತ ಎಷ್ಟೋ ಕಿರಿದಾದ ಈ ವ್ಯತ್ಯಾಸವೇ ಅಳತೆಯ ಮೂಲ. ತಿಂಗಳಿಂದ ತಿಂಗಳಿಗೆ ಒಂದು ಪ್ರದೇಶದ ಗುರುತ್ವ ಕಡಿಮೆಯಾಗುತ್ತ ಹೋದರೆ ಅಲ್ಲಿಂದ ಏನೋ ಹೊರಟುಹೋಗುತ್ತಿದೆ ಎಂದು ಅರ್ಥ. ಮಣ್ಣಿನ ತೇವ, ಹಿಮ, ಮೇಲ್ಮೈ ನೀರುಗಳ ಪಾಲನ್ನು ಕಳೆದರೆ ಉಳಿಯುವುದು ಅಂತರ್ಜಲದ ಲೆಕ್ಕ. ಹೀಗೆ ಲೆಕ್ಕ ಹಾಕಿದ 2009ರ ಒಂದು ಅಧ್ಯಯನದ ಪ್ರಕಾರ, ವಾಯವ್ಯ ಭಾರತವು 2002ರ ಆಗಸ್ಟಿನಿಂದ 2008ರ ಅಕ್ಟೋಬರಿನವರೆಗೆ ಸುಮಾರು 109 ಘನ ಕಿಲೋಮೀಟರ್ ಅಂತರ್ಜಲವನ್ನು ಕಳೆದುಕೊಂಡಿತ್ತು. 2018ರಿಂದ ಈ ಕೆಲಸವನ್ನು ಗ್ರೇಸ್ ಫಾಲೋ-ಆನ್ ಜೋಡಿ ಮುಂದುವರಿಸಿದೆ. ಇದರ ಮಿತಿಯೂ ದೊಡ್ಡದೇ: ಕೆಲವು ನೂರು ಕಿಲೋಮೀಟರ್ ಅಗಲದ ಪ್ರದೇಶದ ಬಗ್ಗೆ ಮಾತ್ರ ಅದು ಖಚಿತವಾಗಿ ಮಾತನಾಡಬಲ್ಲದು. ಒಂದು ಕೊಳವೆ ಬಾವಿಯಲ್ಲಿ ನೀರು ಎಷ್ಟಿದೆ ಎಂದು ಅದನ್ನು ಕೇಳಿ ಪ್ರಯೋಜನವಿಲ್ಲ.

ಪ್ರಶ್ನೆ: ಚಿತ್ರ ನೋಡಿದ ಮಾತ್ರಕ್ಕೆ ಎಲ್ಲಿಯಾದರೂ ಕಾಡು ಉಳಿದದ್ದುಂಟೇ?

ಉತ್ತರ: ಚಿತ್ರದಿಂದ ಮಾತ್ರ ಉಳಿದದ್ದಿಲ್ಲ, ಚಿತ್ರವಿಲ್ಲದೆ ಉಳಿಸುವುದೂ ಸಾಧ್ಯವಿರಲಿಲ್ಲ. ಬ್ರೆಜಿಲ್ ದೇಶದ ಇತಿಹಾಸ ಎರಡನ್ನೂ ತೋರಿಸಿಕೊಡುತ್ತದೆ. ಅಲ್ಲಿನ ರಾಷ್ಟ್ರೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 1988ರಿಂದ ಅಮೆಜಾನ್ ಅರಣ್ಯನಾಶವನ್ನು ವರ್ಷಕ್ಕೊಮ್ಮೆ ಅಳೆಯುತ್ತಿತ್ತು. ವರ್ಷದ ಕೊನೆಗೆ ಬರುವ ಅಂಕಿ ಕಡಿದ ಮರವನ್ನು ನಿಲ್ಲಿಸುವುದಿಲ್ಲವಲ್ಲ! 2004ರಲ್ಲಿ ಡೆಟರ್ ಎಂಬ ತ್ವರಿತ ಎಚ್ಚರಿಕೆ ವ್ಯವಸ್ಥೆ ಶುರುವಾದ ಮೇಲೆ, ಕಾಡು ಕಡಿಯುತ್ತಿರುವ ಜಾಗದ ಮಾಹಿತಿ ಪರಿಸರ ಜಾರಿ ಇಲಾಖೆಯ ಅಧಿಕಾರಿಗಳಿಗೆ ಕೆಲಸ ಇನ್ನೂ ನಡೆಯುತ್ತಿರುವಾಗಲೇ ತಲುಪತೊಡಗಿತು. ಅಧಿಕಾರಿಗಳು ದಾಳಿ ಮಾಡಿದರು, ಯಂತ್ರಗಳನ್ನು ಜಪ್ತಿ ಮಾಡಿದರು; 2008ರಲ್ಲಿ ಪರಿಸರ ನಿಯಮ ಪಾಲಿಸದವರಿಗೆ ಕೃಷಿ ಸಾಲವನ್ನು ತಡೆಹಿಡಿಯುವ ನಿಯಮವೂ ಬಂತು. 2004ರಲ್ಲಿ ಸುಮಾರು 27,800 ಚದರ ಕಿಲೋಮೀಟರ್ ಇದ್ದ ವಾರ್ಷಿಕ ಅರಣ್ಯನಾಶ 2012ರಲ್ಲಿ ಸುಮಾರು 4,600ಕ್ಕೆ ಇಳಿಯಿತು. ಕಡಿಯುವವರೂ ಸುಮ್ಮನಿರಲಿಲ್ಲ. ಆರಂಭದಲ್ಲಿ ಡೆಟರ್‌ಗೆ 25 ಹೆಕ್ಟೇರಿಗಿಂತ ಚಿಕ್ಕ ತೆರವು ಕಾಣುತ್ತಿರಲಿಲ್ಲವಾದ್ದರಿಂದ ಸಣ್ಣ ಸಣ್ಣ ತುಂಡುಗಳಲ್ಲಿ ಕಡಿಯುವುದು ಹೆಚ್ಚಿತು, ಮುಂದೆ ಇನ್ನಷ್ಟು ಸೂಕ್ಷ್ಮ ಚಿತ್ರಗಳನ್ನು ಬಳಸಬೇಕಾಯಿತು.

ಇದರ ಮುಂದಿನ ಭಾಗವನ್ನು ಹಲವರು ಹೇಳುವುದಿಲ್ಲ. 2021ರಲ್ಲಿ ಅರಣ್ಯನಾಶ ಮತ್ತೆ 13,000 ಚದರ ಕಿಲೋಮೀಟರನ್ನು ದಾಟಿತು. ಆಗ ಉಪಗ್ರಹಗಳು ಕುರುಡಾಗಿರಲಿಲ್ಲ. ಎಚ್ಚರಿಕೆಗಳು ಮೊದಲಿಗಿಂತ ನಿಖರವಾಗಿಯೇ ಬರುತ್ತಿದ್ದವು. ನೆಲದ ಮೇಲೆ ಜಾರಿ ವ್ಯವಸ್ಥೆ ದುರ್ಬಲವಾಗಿತ್ತು. ಅದು ಮತ್ತೆ ಬಿಗಿಯಾದ ಬಳಿಕ, 2024ರ ವೇಳೆಗೆ ಅಂಕಿ ಸುಮಾರು 6,300ಕ್ಕೆ ಇಳಿಯಿತು. ಉಪಗ್ರಹ ಯೋಜನೆಗೆ ಹಣ ಕೊಡುವವರು ಎಚ್ಚರಿಕೆಯನ್ನು ಓದಿ ಸ್ಥಳಕ್ಕೆ ಧಾವಿಸುವ ಸಿಬ್ಬಂದಿಗೂ ಅಷ್ಟೇ ಗಂಭೀರವಾಗಿ ಹಣ ಕೊಡಬೇಕು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಪ್ರಶ್ನೆ: ಸ್ವಂತ ಉಪಗ್ರಹವಿಲ್ಲದ ಬಡ ದೇಶಗಳ ಗತಿಯೇನು?

ಉತ್ತರ: ಈ ವಿಷಯದಲ್ಲಿ ಅತಿ ದೊಡ್ಡ ತಿರುವು ಬಂದದ್ದು 2008ರಲ್ಲಿ, ಅದೂ ಒಂದು ಆಡಳಿತಾತ್ಮಕ ನಿರ್ಧಾರದಿಂದ. 1972ರಿಂದ ಭೂಮಿಯನ್ನು ಚಿತ್ರಿಸುತ್ತ ಬಂದಿರುವ ಲ್ಯಾಂಡ್‌ಸ್ಯಾಟ್ ಸರಣಿಯ ಸಂಗ್ರಹವನ್ನು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಅದಕ್ಕೂ ಮೊದಲು ಲ್ಯಾಂಡ್‌ಸ್ಯಾಟ್-7ರ ಒಂದೊಂದು ಚಿತ್ರಕ್ಕೆ 600 ಡಾಲರ್ ಬೆಲೆಯಿತ್ತು. 2013ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಂಡ ಜಗತ್ತಿನ ಅರಣ್ಯ ಬದಲಾವಣೆಯ ನಕ್ಷೆಯನ್ನು ಸಿದ್ಧಪಡಿಸಲು ಇಂತಹ 6.5 ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಬಳಸಿತು. ಹಳೆಯ ಬೆಲೆಯಲ್ಲಿ ಅವುಗಳ ಮೊತ್ತ 39 ಕೋಟಿ ಡಾಲರ್ ಆಗುತ್ತಿತ್ತು, ಅಂದರೆ ಆ ನಕ್ಷೆ ಹುಟ್ಟುತ್ತಲೇ ಇರಲಿಲ್ಲ. ಯುರೋಪಿನ ಸೆಂಟಿನೆಲ್ ಸರಣಿಯ ದತ್ತಾಂಶವೂ ಉಚಿತವೇ. ವಿಪತ್ತಿನ ಸಂದರ್ಭಕ್ಕೆ 2000ನೇ ಇಸವಿಯಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಒಪ್ಪಂದವೊಂದಿದೆ. ಅದರಡಿ ಸದಸ್ಯ ಬಾಹ್ಯಾಕಾಶ ಸಂಸ್ಥೆಗಳು ಪ್ರವಾಹ, ಭೂಕಂಪ, ಚಂಡಮಾರುತಕ್ಕೆ ತುತ್ತಾದ ದೇಶಕ್ಕೆ ಶುಲ್ಕವಿಲ್ಲದೆ ಚಿತ್ರಗಳನ್ನು ಒದಗಿಸುತ್ತವೆ. ಉಳಿದಿರುವ ಕೊರತೆ ವೇಗದ ಅಂತರ್ಜಾಲದ್ದು, ಗಣಕ ಸಾಮರ್ಥ್ಯದ್ದು, ತರಬೇತಾದ ಜನರದ್ದು. ಚಿತ್ರ ಉಚಿತವಾದರೂ ಅದನ್ನು ಓದಬಲ್ಲವರು ದೂರದ ದೇಶದಲ್ಲೇ ಇದ್ದರೆ ನಿರ್ಧಾರವೂ ದೂರದಲ್ಲೇ ಆಗುತ್ತದೆ, ಇದು ನನ್ನನ್ನು ನಿಜಕ್ಕೂ ಕಾಡುವ ವಿಷಯ.

ಪ್ರಶ್ನೆ: ಉಪಗ್ರಹದ ಮಾಹಿತಿ ತಪ್ಪಾಗುವುದಿಲ್ಲವೇ?

ಉತ್ತರ: ಆಗುತ್ತದೆ, ಅದರ ಬೆಲೆಯನ್ನು ಹೆಚ್ಚಾಗಿ ಬಡವರೇ ತೆರುತ್ತಾರೆ. ಕೀನ್ಯಾದ ಮಾರ್ಸಬಿಟ್ ಪ್ರದೇಶದಲ್ಲಿ 2010ರಲ್ಲಿ ಪಶುಪಾಲಕರಿಗಾಗಿ ಒಂದು ವಿಮೆ ಆರಂಭವಾಯಿತು. ಸತ್ತ ಜಾನುವಾರುಗಳನ್ನು ಎಣಿಸುವ ಬದಲು, ಮೇಲೆ ಹೇಳಿದ ಸಸ್ಯ ಸೂಚ್ಯಂಕ ನಿಗದಿತ ಮಟ್ಟಕ್ಕಿಂತ ಕುಸಿದರೆ ಪರಿಹಾರ ಕೊಡುವುದು ಅದರ ಕ್ರಮ. ಇಂತಹ ವಿಮೆಯಲ್ಲಿ ಹಣ ಬೇಗ ಕೈಸೇರುತ್ತದೆ, ಆಡಳಿತದ ಖರ್ಚು ತಗ್ಗುತ್ತದೆ. ಆದರೆ ದನ ತಿನ್ನದ ಮುಳ್ಳುಪೊದೆ ಹಬ್ಬಿದ ನೆಲವೂ ಉಪಗ್ರಹಕ್ಕೆ ಹಸಿರೇ. ಅಲ್ಲಿ ಮೇವಿಲ್ಲದೆ ಜಾನುವಾರು ಸತ್ತರೂ ಲೆಕ್ಕದಲ್ಲಿ ಬರ ಬಂದಿರುವುದಿಲ್ಲ. ಆದ್ದರಿಂದ ನೆಲದ ಮೇಲಿನ ಪರಿಶೀಲನೆ ಕೈಬಿಟ್ಟ ಯಾವ ಯೋಜನೆಯನ್ನೂ ಅಗ್ಗ ಎಂದು ಕರೆಯಬಾರದು.

ಪ್ರಶ್ನೆ: ಉಪಗ್ರಹಗಳೇ ಬಾಹ್ಯಾಕಾಶದಲ್ಲಿ ಕಸವಾಗುತ್ತಿವೆಯಂತೆ. ಇದು ಸುಸ್ಥಿರವೇ?

ಉತ್ತರ: ಈಗಿನ ರೀತಿಯಲ್ಲಿ ಸುಸ್ಥಿರವಲ್ಲ. ಒಂದು ಸೆಂಟಿಮೀಟರಿಗಿಂತ ದೊಡ್ಡದಾದ ಹತ್ತು ಲಕ್ಷಕ್ಕೂ ಹೆಚ್ಚು ಚೂರುಗಳು ಕಕ್ಷೆಯಲ್ಲಿವೆ ಎಂಬುದು ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಅಂದಾಜು. 2016ರ ಆಗಸ್ಟಿನಲ್ಲಿ ಕೆಲವೇ ಮಿಲಿಮೀಟರ್ ಗಾತ್ರದ ಕಣವೊಂದು ಬಡಿದು, ಪ್ರವಾಹದ ನಕ್ಷೆ ಕೊಡುವ ಸೆಂಟಿನೆಲ್-1ಎ ಉಪಗ್ರಹದ ಸೌರಫಲಕಕ್ಕೆ ಹಾನಿಯಾಯಿತು. ಭೂಮಿಯ ಪರಿಸರವನ್ನು ಅಧ್ಯಯನ ಮಾಡಲೆಂದೇ ಹಾರಿಸಿದ, ಎಂಟು ಟನ್ ತೂಕದ ಎನ್ವಿಸ್ಯಾಟ್ 2012ರಲ್ಲಿ ಸಂಪರ್ಕ ಕಳೆದುಕೊಂಡು ಇಂದಿಗೂ ಮೇಲೆಯೇ ಸುತ್ತುತ್ತಿದೆ. ತಾನಾಗಿ ಕೆಳಗಿಳಿಯಲು ಅದಕ್ಕೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಕು. ಅದಕ್ಕಿಂತ ಹಳೆಯದಾದ ಇಆರ್‌ಎಸ್-2 ಉಪಗ್ರಹವನ್ನು 2011ರಲ್ಲಿ ಉಳಿದ ಇಂಧನ ಬಳಸಿ ಕೆಳಗಿನ ಕಕ್ಷೆಗೆ ಇಳಿಸಿದ್ದರಿಂದ ಅದು 2024ರ ಫೆಬ್ರುವರಿಯಲ್ಲಿ ವಾತಾವರಣ ಪ್ರವೇಶಿಸಿ ನಾಶವಾಯಿತು. ಕೆಲಸ ಮುಗಿದ 25 ವರ್ಷದೊಳಗೆ ಉಪಗ್ರಹವನ್ನು ಕಕ್ಷೆಯಿಂದ ತೆರವುಗೊಳಿಸಬೇಕೆಂಬ ಹಳೆಯ ಮಾರ್ಗಸೂಚಿಯನ್ನು ಅಮೆರಿಕದ ಸಂವಹನ ಆಯೋಗ 2022ರಲ್ಲಿ ಕೆಳ ಕಕ್ಷೆಗಳ ಮಟ್ಟಿಗೆ 5 ವರ್ಷಕ್ಕೆ ಬಿಗಿಗೊಳಿಸಿದೆ. ಆ ನಿಯಮ ಆ ಆಯೋಗದ ಅನುಮತಿ ಪಡೆಯುವವರಿಗಷ್ಟೇ ಅನ್ವಯಿಸುತ್ತದೆ. ಎಲ್ಲ ರಾಷ್ಟ್ರಗಳನ್ನೂ ಕಾನೂನಿನಿಂದ ಕಟ್ಟಿಹಾಕುವ ಇಂತಹ ಕಾಲಮಿತಿ ಇನ್ನೂ ರೂಪುಗೊಂಡಿಲ್ಲ.